ಬೀಗದ ಕೈ ಕೊಟ್ಟದ್ದು ಯಾರಿಗೆ

ತಪ್ಪು ಯಾರದು ಎಂದು ಕೇಳಿದರೆ ವೆಸ್ಟ್ ಟಾಲ್ಕಟ್‌ನಲ್ಲಿ ಊರಿಗೆ ಊರೇ ತಲೆ ತಗ್ಗಿಸಬೇಕಿತ್ತು. ಅಧ್ಯಕ್ಷರ ಚುನಾವಣೆಯಲ್ಲಿ ಜನರ ಪರವಾಗಿ ಕೊನೆಯ ಮತ ಹಾಕುವ ಎಲೆಕ್ಟರ್ ನಮ್ಮ ಜಿಲ್ಲೆಯಿಂದ ಯಾರಾಗಬೇಕು ಎಂದು ಆರಿಸಿದ ಸಭೆಯಲ್ಲಿ ವಕೀಲರಿದ್ದರು, ಪಾದ್ರಿಗಳಿದ್ದರು, ಸಂವಿಧಾನವನ್ನು ಬಾಯಿಪಾಠ ಮಾಡಿದ್ದ ಶಾಲಾ ಮೇಷ್ಟರೂ ಇದ್ದರು. ಒಬ್ಬನಿಗಾದರೂ ತಾವು ಆರಿಸಿದ ಆರಿನ್ ಪೆಕ್ ನಮ್ಮೂರ ಪೋಸ್ಟ್‌ಮಾಸ್ಟರ್ ಎಂಬುದು ನೆನಪಾಗಲಿಲ್ಲ. ನೆನಪಾಗುವುದಾದರೂ ಹೇಗೆ ಹೇಳಿ? ಹನ್ನೊಂದು ವರ್ಷದಿಂದ ಅಂಚೆಯ ಕಿಟಕಿಯಲ್ಲಿ ಅವರೆಲ್ಲ ಕಂಡದ್ದು ಅವನ ಹೆಂಡತಿ ಲೊವೀನಾಳ ಮುಖವನ್ನು. ಕಾಗದ ವಿಂಗಡಿಸುವವಳು ಅವಳು, ಮುದ್ರೆ ಒತ್ತುವವಳು ಅವಳು, ಓದಲು ಬಾರದವರಿಗೆ ಓದಿ ಹೇಳಿ ಅವರ ಜೊತೆ ಅಳುವವಳೂ ಅವಳೇ. ಆರಿನ್ ಅದೇ ಮನೆಯಲ್ಲಿದ್ದ ತನ್ನ ಅಂಗಡಿಯ ಮುಂದುಗಡೆ ಒಲೆಯ ಪಕ್ಕ ಕೂತು ಮೊಳೆ, ಕಾಕಂಬಿ, ಉಪ್ಪು ಹಾಕಿದ ಹಂದಿಮಾಂಸ ಮಾರುತ್ತ ರಾಜಕೀಯ ಮಾತಾಡುತ್ತಿದ್ದ. ಬಾಗಿಲ ಮೇಲಿನ ಹಲಗೆಯಲ್ಲಿ 'ಆರಿನ್ ಪೆಕ್, ಪೋಸ್ಟ್‌ಮಾಸ್ಟರ್' ಎಂದು ಬರೆದಿದ್ದೇನೋ ನಿಜ. ಆದರೆ ದಿನಾ ಕಣ್ಣಿಗೆ ಬೀಳುವ ಹಲಗೆಯನ್ನು ಯಾರು ಓದುತ್ತಾರೆ?

ಓದುತ್ತಿದ್ದವಳು ಲೊವೀನಾ ಒಬ್ಬಳೇ. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ಓದುತ್ತಿದ್ದಳು, ಓದಿದಾಗಲೆಲ್ಲ ಒಳಗೆ ಮುಳ್ಳಾಡಿಸಿದಂತಾಗುತ್ತಿತ್ತು. ಒಮ್ಮೆ ವಾಷಿಂಗ್ಟನ್‌ನಿಂದ 'ಶ್ರೀ ಪೆಕ್ ಅವರೇ, ನಿಮ್ಮ ಕಚೇರಿಯಷ್ಟು ಚೊಕ್ಕಟವಾದ ಕಚೇರಿ ಈ ರಾಜ್ಯದಲ್ಲೇ ಇಲ್ಲ' ಎಂದು ಕಾಗದ ಬಂದಿತ್ತು. ಆರಿನ್ ಅದನ್ನು ಒಲೆಯ ಸುತ್ತ ಕೂತವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದ. ಲೊವೀನಾ ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಆರಿನ್ ಕೆಟ್ಟವನಲ್ಲ ಬಿಡಿ. ಯೋಚನೆ ಮಾಡದವನು, ಅಷ್ಟೇ.

ನವೆಂಬರಿನಲ್ಲಿ ಚುನಾವಣೆ ನಡೆಯಿತು. ನಮ್ಮ ರಾಜ್ಯದಲ್ಲಿ ಆರಿನ್‌ನ ಪಕ್ಷ ಗೆದ್ದಿತು, ಅವನು ಎಲೆಕ್ಟರ್ ಆದ. ಎದುರು ಪಕ್ಷದಿಂದ ನಿಂತು ಅವನ ಹಿಂದೆಯೇ ಮತ ಪಡೆದವನು ರಸ್ತೆಯ ಆಚೆ ಬದಿಯ ಅಂಗಡಿಯ ಸೈಲಸ್ ಬೂಥ್, ಲೊವೀನಾಳ ಒಡಹುಟ್ಟಿದ ಅಣ್ಣ. ಇಷ್ಟಕ್ಕೇ ಮುಗಿದಿದ್ದರೆ ಭಾವ ಭಾವಮೈದುನರ ಕುಚೋದ್ಯ ಕ್ರಿಸ್‌ಮಸ್‌ವರೆಗೆ ನಡೆದು ತಣ್ಣಗಾಗುತ್ತಿತ್ತು. ಆದರೆ ಬೇರೆ ರಾಜ್ಯಗಳ ಲೆಕ್ಕ ಬಂದಂತೆಲ್ಲ ದೇಶಕ್ಕೇ ದಿಗಿಲು ಹಿಡಿಯಿತು. ಎರಡು ಕಡೆಯ ಎಲೆಕ್ಟರುಗಳನ್ನೂ ಎಣಿಸಿದರೆ ವ್ಯತ್ಯಾಸ ಒಂದೇ ಒಂದು. ಯಾವ ರಾಜ್ಯದ ಒಂದು ಮತ ಆಚೀಚೆಯಾದರೂ ಅಧ್ಯಕ್ಷರೇ ಆಚೀಚೆ.

ಸೈಲಸ್ ಓದುವ ಮನುಷ್ಯ. ಒಂದು ದಿನ ಮಧ್ಯಾಹ್ನ ರಸ್ತೆ ದಾಟಿ ಬಂದು, ಬೂಟಿನ ಹಿಮ ಕೊಡವಿ, ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತ, "ಭಾವ, ನೀನು ಎಲೆಕ್ಟರ್ ಅಲ್ಲ ಕಣೋ" ಎಂದ.

"ಸೋತೋನು ಹಾಗೇ ಹೇಳೋದು," ಎಂದ ಆರಿನ್.

"ನಾನಲ್ಲ, ಸಂವಿಧಾನ ಹೇಳ್ತಿದೆ. ಒಕ್ಕೂಟ ಸರ್ಕಾರದ ನಂಬಿಕೆಯ ಹುದ್ದೇಲೋ ಲಾಭದ ಹುದ್ದೇಲೋ ಇರೋನು ಎಲೆಕ್ಟರ್ ಆಗಂಗಿಲ್ಲ. ಪೋಸ್ಟ್‌ಮಾಸ್ಟರ್ ಯಾರಪ್ಪಾ ಈ ಊರಲ್ಲಿ?"

ಅಲ್ಲಿದ್ದವರೆಲ್ಲ ಕಿಟಕಿಯಲ್ಲಿದ್ದ ಲೊವೀನಾಳ ಕಡೆ ತಿರುಗಿದರು. ಆಮೇಲೆ ನೆನಪಾಗಿ ಆರಿನ್‌ನ ಕಡೆ ತಿರುಗಿದರು. "ಅಯ್ಯೋ ದೇವರೇ," ಎಂದ ಯಾರೋ.

"ನೀನು ಅನರ್ಹ ಅಂದ್ಮೇಲೆ ನಿನ್ನ ಹಿಂದೆ ಬಂದೋನು ನಾನು," ಎಂದ ಸೈಲಸ್. "ಈ ಜಿಲ್ಲೆ ಮತ ನಂದು."

ಮಾರನೇ ದಿನವೇ ರಾಜಧಾನಿಯಿಂದ ಆರಿನ್‌ನ ಪಕ್ಷದ ವಕೀಲ ಹಿರಾಮ್ ಡ್ರೂರಿ ಜಾರುಬಂಡಿಯಲ್ಲಿ ಓಡೋಡಿ ಬಂದ. ಮೂಗು ಕೆಂಪಾಗಿತ್ತು, ಕೋಟಿನ ಗುಂಡಿ ತಪ್ಪು ತೂತಿನಲ್ಲಿತ್ತು. ಅಷ್ಟು ಅವಸರದಲ್ಲೂ ಲೊವೀನಾ ಮುಂದಿಟ್ಟ ಸೇಬಿನ ಪೈಯನ್ನು ಮಾತ್ರ ಪೂರ್ತಿ ಮುಗಿಸಿದ. ಅವನ ಉಪಾಯ ಇದು: ಆರಿನ್ ಪೋಸ್ಟ್‌ಮಾಸ್ಟರ್ ಹುದ್ದೆಗೂ ಎಲೆಕ್ಟರ್ ಸ್ಥಾನಕ್ಕೂ ಎರಡಕ್ಕೂ ರಾಜೀನಾಮೆ ಕೊಡಬೇಕು. ಡಿಸೆಂಬರಿನಲ್ಲಿ ಎಲೆಕ್ಟರುಗಳು ಸೇರಿದಾಗ ಒಂದು ಜಾಗ ಖಾಲಿ ಇರುತ್ತದೆ. ಖಾಲಿ ಜಾಗ ತುಂಬುವ ಅಧಿಕಾರ ಉಳಿದ ಎಲೆಕ್ಟರುಗಳದು. ಅವರು ಆರಿನ್‌ನನ್ನೇ ಮತ್ತೆ ಆರಿಸುತ್ತಾರೆ. ಅಷ್ಟು ಹೊತ್ತಿಗೆ ಅವನು ಪೋಸ್ಟ್‌ಮಾಸ್ಟರ್ ಅಲ್ಲ, ಬರೀ ಅಂಗಡಿಯವನು.

"ಮತ್ತೆ ಅಂಚೆ?" ಎಂದು ಕೇಳಿದಳು ಲೊವೀನಾ.

"ನನ್ನ ಸೋದರಳಿಯ ಒಬ್ಬ ಇದಾನೆ. ವಾಷಿಂಗ್ಟನ್‌ಗೆ ಹೇಳಿ ಹಾಕಿಸ್ತೀನಿ."

"ನಾನಿಲ್ವಾ? ಇಷ್ಟು ವರ್ಷ ಮಾಡಿದೋಳು ನಾನು."

ಡ್ರೂರಿ ನಕ್ಕ. ಕೆಟ್ಟ ನಗುವಲ್ಲ, ಮಕ್ಕಳು ಚಂದ್ರ ಬೇಕೆಂದಾಗ ದೊಡ್ಡವರು ನಗುವ ನಗು. "ಮಿಸೆಸ್ ಪೆಕ್, ಮದುವೆಯಾದ ಹೆಂಗಸು ಕಾನೂನಿನ ಕಣ್ಣಲ್ಲಿ ಗಂಡನ ನೆರಳು. ನೆರಳಿಗೆ ಯಾರಾದ್ರೂ ಹುದ್ದೆ ಕೊಡ್ತಾರಾ?"

ಲೊವೀನಾಳಿಗೆ ಮೈಯೆಲ್ಲ ಉರಿದುಹೋಯಿತು. ಬೇಕು ಬೇಕು ಎಂದು ಇಷ್ಟು ವರ್ಷ ಬಾಯಿಬಿಟ್ಟು ಹೇಳದೆ ಇದ್ದದ್ದು ಆ ಕ್ಷಣದಲ್ಲಿ ಸ್ಪಷ್ಟವಾಯಿತು. ಅಂಚೆ ಅವಳಿಗೆ ಬೇಕಿತ್ತು, ಅವಳ ಹೆಸರಿನಲ್ಲೇ ಬೇಕಿತ್ತು. ಯಾರದೋ ಸೋದರಳಿಯ ಬಂದು ತನ್ನ ಕಿಟಕಿಯಲ್ಲಿ ಕೂರುವುದಾದರೆ ಆ ಕಿಟಕಿಗೆ ಮೊಳೆ ಹೊಡೆಯುವುದೇ ವಾಸಿ ಎಂದುಕೊಂಡಳು.

ಇಲ್ಲಿ ಒಂದು ನಿಯಮ ಅಡ್ಡ ಬಂತು, ನಿಜಕ್ಕೂ ಒಳ್ಳೆಯದೇ ಆಯಿತು. ಪೋಸ್ಟ್‌ಮಾಸ್ಟರ್ ಆಗುವವನಿಗೆ ಯಾರಾದರೂ ಜಾಮೀನು ನಿಲ್ಲಬೇಕು. ಅವನು ನಡುವೆ ಬಿಟ್ಟುಹೋದರೆ, ವಾಷಿಂಗ್ಟನ್ ಹೊಸಬರನ್ನು ಹೆಸರಿಸುವ ತನಕ ಬೀಗದ ಕೈ ಯಾರಲ್ಲಿರಬೇಕು ಎಂದು ಹೇಳುವವನು ಆ ಜಾಮೀನುದಾರ. ನಷ್ಟವಾದರೆ ಕಟ್ಟಿಕೊಡಬೇಕಾದವನು ಅವನೇ ತಾನೇ! ಆರಿನ್‌ಗೆ ಜಾಮೀನು ನಿಂತಿದ್ದವನು ಬೇರೆ ಯಾರೂ ಅಲ್ಲ, ಸೈಲಸ್. ರಾಜಕೀಯ ಬೇರೆಯಾದರೂ ತಂಗಿಯ ಮನೆ ಬೇರೆಯೇ?

ಆರಿನ್ ಎರಡೂ ರಾಜೀನಾಮೆಗಳ ತಂತಿ ಕಳಿಸಿ, ಬೀಗದ ಕೈಯನ್ನು ಸೈಲಸ್‌ನ ಅಂಗೈಗೆ ಹಾಕಿದ. ಡ್ರೂರಿ ತನ್ನ ಸೋದರಳಿಯನ ಗುಣಗಾನಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸೈಲಸ್ ತಂಗಿಯ ಕಡೆ ತಿರುಗಿದ. "ತಗೋ ಲೊವೀನಾ. ನಿನ್ ಬಿಟ್ರೆ ಇನ್ಯಾರಿಗೆ ಕೊಡ್ಲಿ?"

ಅವಳ ಕಣ್ಣು ತುಂಬಿತು. ಅಣ್ಣ ಎಂದರೆ ಹೀಗಿರಬೇಕು ಎಂದುಕೊಳ್ಳುತ್ತಿರುವಾಗಲೇ ಆ ಅಣ್ಣ ಡ್ರೂರಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಈಗ ಹೇಳಿ ವಕೀಲ್ರೇ. ನಿನ್ನೆ ಅಂಚೆ ಇದೇ ಮನೇಲಿತ್ತು, ಇವತ್ತೂ ಇದೇ ಮನೇಲಿದೆ. ನಿನ್ನೆ ಕಾಗದ ವಿಂಗಡಿಸಿದೋಳು ಇವಳು, ಇವತ್ತೂ ಇವಳೇ. ಹೆಂಡತಿ ಗಂಡನ ನೆರಳು ಅಂತ ನೀವೇ ಅಪ್ಪಣೆ ಕೊಡ್ಸಿದ್ರಿ. ಹಂಗಾದ್ರೆ ಹುದ್ದೆ ಬಿಟ್ಟೋನು ಯಾರು? ಎಡಗೈಯಿಂದ ಬಲಗೈಗೆ ದಾಟಿಸಿದ್ರೆ ಅದು ರಾಜೀನಾಮೆನಾ? ಎಲೆಕ್ಟರ್ ಯಾರು ಅಂತ ತೀರ್ಮಾನಿಸೋ ಗವರ್ನರ್ ಮುಂದೆ ಇದನ್ನೇ ಕೇಳ್ತೀನಿ."

ಡ್ರೂರಿಯ ಮುಖ ಬಿಳಿಚಿಕೊಂಡಿತು. "ಮಿಸೆಸ್ ಪೆಕ್, ಬೀಗದ ಕೈ ಕೊಟ್ಬಿಡಿ ಇತ್ಲಾಗೆ. ಅಧ್ಯಕ್ಷ ಪದವೀನೇ ಕೈತಪ್ಪುತ್ತೆ!"

"ಕೊಡಲ್ಲ," ಎಂದಳು ಲೊವೀನಾ.

"ಲೊವೀನಾ..." ಎಂದ ಆರಿನ್.

"ನೀವು ಸುಮ್ನಿರಿ. ಅಣ್ಣಾ, ನನ್ನ ಕೊರಳಿಗೇ ಉರುಳು ಹಾಕಿ ಆಟ ಆಡ್ತೀಯಾ? ಇರ್ಲಿ. ವಕೀಲ್ರೇ, ನೀವೂ ಕೇಳಿಸ್ಕೊಳಿ. ನಾನು ನೆರಳಾದ್ರೆ ನಿಮ್ಮ ಮತ ಹೋಯ್ತು. ನಿಮ್ಮ ಮತ ಉಳೀಬೇಕು ಅಂದ್ರೆ ನಾನು ಬೇರೆ ವ್ಯಕ್ತಿ ಅಂತ ನೀವೇ ಗವರ್ನರ್ ಮುಂದೆ ನಿಂತು ಹೇಳ್ಬೇಕು. ನೀವು ಹೇಳೋದು ಹೇಳಿ, ನಾನು ಮಾಡೋದು ಮಾಡ್ತೀನಿ."

ಅವಳು ಮಾಡಿದ್ದು ಇಡೀ ಊರೇ ಹೊರಗೆ ಬಂದು ನೋಡುವಂಥದ್ದು. ಸೇತುವೆಯ ಪಕ್ಕದಲ್ಲಿ ಸತ್ತುಹೋದ ಚಮ್ಮಾರನ ಅಂಗಡಿ ಬೀಗ ಹಾಕಿ ಬಿದ್ದಿತ್ತು. ಅವನ ವಿಧವೆಯ ಹತ್ತಿರ ಮಾತಾಡಿ ಲೊವೀನಾ ಅಂಚೆಗೆಂದು ತನ್ನ ಹೆಸರಿನಲ್ಲೇ ಅದನ್ನು ಬಾಡಿಗೆಗೆ ಹಿಡಿದಳು. ಮಾರನೇ ಬೆಳಿಗ್ಗೆ ಶಾಲು ಬಿಗಿದು, ಅಂಚೆ ಗೂಡುಗಳ ದೊಡ್ಡ ಮರದ ಕಪಾಟನ್ನು ಕಮ್ಮಾರನೂ ಮರ ಕೊಯ್ಯುವವರೂ ಸೇರಿ ಹೊತ್ತುಕೊಂಡು ಹಿಮದಲ್ಲಿ ನಡೆಯುವಾಗ ಮುಂದೆ ನಿಂತು ದಾರಿ ತೋರಿಸಿದಳು. ಕಪಾಟು ಒಂದು ಕಡೆ ವಾಲಿತು. ಆರಿನ್ ತಡೆಯಲಾರದೆ ಓಡಿ ಬಂದು ಹೆಗಲು ಕೊಡಹೋದ.

"ಮುಟ್ಬೇಡಿ!" ಎಂದು ಲೊವೀನಾ ಕೂಗಿದಳು. "ನೀವು ಮುಟ್ಟಿದ್ರೆ ಅಧ್ಯಕ್ಷರೇ ಬದಲಾಗ್ತಾರೆ!"

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಆರಿನ್ ಎರಡು ಕೈಯನ್ನೂ ಜೇಬಿನಲ್ಲಿ ತುರುಕಿಕೊಂಡು ನಿಂತ. ಆ ದಿನದಿಂದ ಅವನಿಗೆ ಅದೇ ಪಾಡು. ಮನೆಯಲ್ಲಿ ಗಂಡ, ಸೇತುವೆಯ ಹತ್ತಿರ ಪರಕೀಯ. ಕಾಗದ ಬಂದಿದೆಯೇ ಎಂದು ಕೇಳಬೇಕಾದರೂ ಎಲ್ಲರ ಹಾಗೆ ನಡೆದು ಬಂದು, ಕಿಟಕಿಯ ಹೊರಗೆ ನಿಂತು ಕೇಳಬೇಕು. ಲೊವೀನಾ ಬೆಳಿಗ್ಗೆ ತನ್ನ ಒಲೆಗೆ ತಾನೇ ಸೌದೆ ಹೊತ್ತು, ಬುತ್ತಿ ಕಟ್ಟಿಕೊಂಡು ಹೋಗಿ, ಕತ್ತಲಾಗುವ ಮುಂಚೆ ಬೀಗ ಹಾಕಿ ಬರುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ಆರಿನ್ ಒಂದು ದಿನ ಮೆಲ್ಲಗೆ ಕೇಳಿದ: "ಇವತ್ತು ಏನೇನು ಬಂತು?"

"ಸರ್ಕಾರದ ವಿಷಯ ಹೊರಗಿನೋರಿಗೆ ಹೇಳಂಗಿಲ್ಲ. ಬೀನ್ಸ್ ಹಾಕ್ಲಾ?"

ಅವನು ತಟ್ಟೆ ಮುಂದೆ ಚಾಚಿದ. ಸ್ವಲ್ಪ ಹೊತ್ತಿನ ಮೇಲೆ, "ಅಲ್ವೇ, ಆ ಹಲಗೆ ನಿನಗೆ ಇಷ್ಟು ಚುಚ್ತಿತ್ತಾ?" ಎಂದ. ಲೊವೀನಾ ಹೌದು ಎಂದಳು. ಆ ಒಂದು ಮಾತು ಹೇಳಲು ಅವಳಿಗೂ ಹನ್ನೊಂದು ವರ್ಷ ಹಿಡಿದಿತ್ತು.

ಎಲೆಕ್ಟರುಗಳು ಸೇರುವ ಹಿಂದಿನ ದಿನ ರಾಜಧಾನಿಯಲ್ಲಿ ಗವರ್ನರ್ ಮುಂದೆ ವಿಚಾರಣೆ. ಸೈಲಸ್ ತನಗೆ ವಕೀಲ ಬೇಡವೆಂದ. "ನನ್ನ ತಂಗೀನ ಕೇಳೋಕೆ ನನಗೆ ಇನ್ನೊಬ್ಬನ ಬಾಯಿ ಯಾಕೆ?" ಲೊವೀನಾ ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಿ ನಿಂತಳು. ಒಳ್ಳೆಯ ಕರಿ ಲಂಗ ಉಟ್ಟು ಬಂದಿದ್ದಳು.

"ನೀನು ಆರಿನ್ ಪೆಕ್‌ನ ಹೆಂಡತಿ ತಾನೆ?" ಎಂದು ಸೈಲಸ್ ಶುರು ಮಾಡಿದ.

"ನಿನಗೆ ಗೊತ್ತಿಲ್ವಾ? ಮದುವೇಲಿ ಅರ್ಧ ಕೇಕ್ ನೀನೇ ತಿಂದೆ."

ಗವರ್ನರ್ ಕೆಮ್ಮಿ ನಗು ಮುಚ್ಚಿಕೊಂಡರು.

"ಗಂಡ ಹೆಂಡತಿ ಕಾನೂನಿನ ಪ್ರಕಾರ ಒಬ್ಬರೇ ಅಂತಾರೆ. ಒಪ್ತೀಯಾ?"

"ಹಂಗಾದ್ರೆ ನವೆಂಬರ್‌ನಲ್ಲಿ ಅವರ ಜೊತೆ ನಾನೂ ವೋಟು ಹಾಕಿದೆ ಅಂತಾಯ್ತು. ನನ್ನನ್ನ ಬಾಗಿಲ ಹತ್ರಾನೂ ಬಿಡ್ಲಿಲ್ವಲ್ಲ."

ಸೈಲಸ್‌ಗೂ ನಗು ಬಂತು. ಆದರೆ ಅವನು ಹರಿತವಾದದ್ದನ್ನು ಕೊನೆಗೆ ಇಟ್ಟುಕೊಂಡಿದ್ದ. "ಸರಿ. ಪ್ರಮಾಣ ಮಾಡಿದೀಯ, ನಿಜ ಹೇಳು. ಹನ್ನೊಂದು ವರ್ಷ ಆ ಅಂಚೆ ಕೆಲಸ ಮಾಡಿದೋರು ಯಾರು? ಆರಿನ್ನಾ, ನೀನಾ?"

ಡ್ರೂರಿ ಕಣ್ಣು ಮುಚ್ಚಿಕೊಂಡ. ಆರಿನ್ ಮಾಡಿದ ಎಂದರೆ ಸುಳ್ಳಾಗುತ್ತದೆ. ನಾನು ಎಂದರೆ ಮೊದಲೂ ಅವಳೇ, ಈಗಲೂ ಅವಳೇ, ಏನೂ ಬದಲಾಗಲಿಲ್ಲ ಎಂದು ಸೈಲಸ್ ಗೆದ್ದಂತೆ. ಲೊವೀನಾ ಮೂಲೆಯಲ್ಲಿ ಕೂತಿದ್ದ ಗಂಡನನ್ನು ನೋಡಿದಳು. ಅವನು, ಪಾಪ, ಹೇಳು ಎನ್ನುವಂತೆ ತಲೆಯಾಡಿಸಿದ.

"ನಾನೇ," ಎಂದಳು. "ಒಂದು ದಿನಾನೂ ಬಿಡದೆ ನಾನೇ ಮಾಡಿದೆ. ಗವರ್ನರ್ ಸಾಹೇಬ್ರೇ, ಆಗ ಕೆಲಸ ನಂದು, ಹೆಸರು ಅವರದ್ದು. ಈಗ ಹೆಸರೂ ನಂದು, ತಪ್ಪಾದ್ರೆ ತಲೇನೂ ನಂದು. ಇದರಲ್ಲಿ ಏನೂ ವ್ಯತ್ಯಾಸ ಇಲ್ಲ ಅಂತ ಅನ್ಸಿದ್ರೆ, ನಾಳೆ ಬೆಳಿಗ್ಗೆ ಈ ಬಾಗಿಲ ಮೇಲಿನ ನಿಮ್ಮ ಹೆಸರು ತೆಗೆಸಿ ನಿಮ್ಮ ಹೆಂಡತಿ ಹೆಸರು ಹಾಕ್ಸಿ ನೋಡಿ."

ಈ ಸಲ ಗವರ್ನರ್ ನಗಲಿಲ್ಲ.

"ನಾನೂ ಒಂದು ಕೇಳ್ತೀನಿ ಅಣ್ಣಾ. ನೀನೂ ಆಗಲೇ ಪ್ರಮಾಣ ಮಾಡಿದೀಯ. ಬೀಗದ ಕೈ ಕೊಟ್ಟೆಯಲ್ಲ, ಯಾರಿಗೆ ಕೊಟ್ಟೆ? ಅವರಿಗಾ, ನನಗಾ? ನಾಳೆ ಒಂದು ಚೀಲ ಕಳೆದುಹೋದ್ರೆ ಯಾರ ಕೊರಳಪಟ್ಟಿ ಹಿಡೀತಿದ್ದೆ?"

ಸೈಲಸ್ ಹೊಂಚು ಹಾಕುವ ಮನುಷ್ಯ ಹೌದು, ಆದರೆ ಬೈಬಲ್ ಮುಟ್ಟಿ ಸುಳ್ಳು ಹೇಳುವ ಮನುಷ್ಯನಲ್ಲ. ಗೋಡೆ ನೋಡಿದ, ಟೋಪಿ ತಿರುಗಿಸಿದ. ಕೊನೆಗೆ, "ಕೊಟ್ಟಿದ್ದು ನಿನಗೇ, ಹಿಡಿಯೋ ಕೊರಳಪಟ್ಟೀನೂ ನಿನ್ನದೇ," ಎಂದ. "ಆರಿನ್‌ನ ಕೈಗೆ ಒಂದು ಸ್ಟಾಂಪನ್ನೂ ನಾನು ನಂಬಿ ಕೊಡಲ್ಲ."

ಇನ್ನೇನು ಬೇಕು? ಡ್ರೂರಿ ಜಿಗಿದು ಎದ್ದ. "ಕೇಳಿದಿರಲ್ಲ ಸಾಹೇಬ್ರೇ! ಈ ಹೆಣ್ಣುಮಗಳು ಯಾರ ನೆರಳೂ ಅಲ್ಲ. ಸ್ವಂತ ಬುದ್ಧಿ, ಸ್ವಂತ ಹೊಣೆ ಇರೋ ವ್ಯಕ್ತಿ. ಹುದ್ದೆ ಹೊರೋದರಲ್ಲಿ ಯಾವ ಗಂಡಸಿಗೂ ಕಡಿಮೆ ಇಲ್ಲ!" ಎಂದು ಮೇಜು ಗುದ್ದಿ ಗುದ್ದಿ ಬಹಳ ಹೊತ್ತು ಮಾತಾಡಿದ. ಲೊವೀನಾ ಒಂದೊಂದು ಮಾತನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಆರಿನ್‌ನ ರಾಜೀನಾಮೆ ನಿಜವಾದದ್ದು, ಜಾಗ ಖಾಲಿಯಾಗಿದೆ ಎಂದು ಗವರ್ನರ್ ತೀರ್ಪು ಕೊಟ್ಟರು. ಮಾರನೇ ದಿನ ಉಳಿದ ಎಲೆಕ್ಟರುಗಳು ಅವನನ್ನೇ ಆರಿಸಿದರು, ಅವನು ಮತ ಹಾಕಿದ. ಸೈಲಸ್ ಸುಮ್ಮನೆ ಬಿಡುವವನೇ? ಪಕ್ಕದ ಕೋಣೆಯಲ್ಲಿ ಒಬ್ಬನೇ ಕೂತು, ನಾನೇ ಎಲೆಕ್ಟರ್ ಎಂದು ತನ್ನ ಮತವನ್ನೂ ಬರೆದು ಮುದ್ರೆ ಹಾಕಿ ವಾಷಿಂಗ್ಟನ್‌ಗೆ ಕಳಿಸಿದ. ಚಳಿಗಾಲವೆಲ್ಲ ದೊಡ್ಡ ದೊಡ್ಡವರು ಅಲ್ಲಿ ಕೂತು ಕಚ್ಚಾಡಿದರು. ಕೊನೆಗೆ ಎಣಿಸಿದ್ದು ಆರಿನ್‌ನ ಮತವನ್ನೇ. ಅವನ ಪಕ್ಷದವರೇ ಅಧ್ಯಕ್ಷರಾದರು, ಒಂದೇ ಒಂದು ಮತದಿಂದ.

ಮಾರ್ಚಿನಲ್ಲಿ, ಸಿಹಿ ರಸ ಇಳಿಸಲು ಮೇಪಲ್ ಮರಗಳಿಗೆ ಬಕೆಟ್ ಕಟ್ಟುವ ಹೊತ್ತಿಗೆ, ಡ್ರೂರಿ ಮತ್ತೆ ಬಂದ. ಈ ಸಲ ಗುಂಡಿಗಳೆಲ್ಲ ಸರಿಯಾಗಿದ್ದವು. ನೇರ ಸೇತುವೆಯ ಹತ್ತಿರದ ಅಂಚೆಗೇ ಬಂದ. ಕಿಟಕಿಯ ಮುಂದೆ ನಾಲ್ಕಾರು ಜನ ಸಾಲಿನಲ್ಲಿದ್ದರು, ಅವರಲ್ಲಿ ಆರಿನ್ ಇದ್ದ, ಸೈಲಸ್ ಇದ್ದ.

"ಸಿಹಿ ಸುದ್ದಿ!" ಎಂದ ಡ್ರೂರಿ. "ಎಲ್ಲ ಮುಗೀತಲ್ಲ, ಆರಿನ್‌ನ ಮತ್ತೆ ಪೋಸ್ಟ್‌ಮಾಸ್ಟರ್ ಮಾಡೋಕೆ ಹೇಳಿದೀನಿ. ಕಪಾಟು ಮನೆಗೆ ಸಾಗಿಸ್ಬಹುದು. ಮನೇದು ಮನೆಗೇ ಬಂತಲ್ಲ, ಮಿಸೆಸ್ ಪೆಕ್!"

ಲೊವೀನಾ ಮುದ್ರೆ ಒತ್ತುವುದನ್ನು ನಿಲ್ಲಿಸಲಿಲ್ಲ. "ನಾನು ಯಾರ ನೆರಳೂ ಅಲ್ಲ ಅಂತ ಹೇಳಿದೋರು ನೀವೇ ಅಲ್ವಾ? ಯಾವ ಗಂಡಸಿಗೂ ಕಡಿಮೆ ಇಲ್ಲ ಅಂತ ಮೇಜು ಗುದ್ದಿದ್ರಿ."

"ಅಯ್ಯೋ, ಅದು ವಾದಕ್ಕೆ ಆಡಿದ ಮಾತು ಕಣಮ್ಮ."

"ಆ ಮಾತಿನ ಮೇಲೇ ಅಧ್ಯಕ್ಷರು ಕೂತಿದಾರೆ. ಮಾತು ಸುಳ್ಳು ಅಂದ್ರೆ ಮತಾನೂ ಸುಳ್ಳು. ವಾಷಿಂಗ್ಟನ್‌ಗೆ ನಾನೇ ಬರೀಲಾ, ನೀವು ಬರೀತೀರಾ?"

ಸಾಲಿನಲ್ಲಿದ್ದ ಯಾರೋ ಸಿಳ್ಳು ಹಾಕಿದರು. ಡ್ರೂರಿ ಆರಿನ್‌ನ ಕಡೆ ತಿರುಗಿದ. "ನೀವಾದ್ರೂ ಹೇಳ್ರೀ ಪೆಕ್!"

ಆರಿನ್ ಗಡ್ಡ ಕೆರೆದುಕೊಂಡ. ಅವನಿಗೆ ಆ ಹಲಗೆಯ ಮೇಲಿನ ಹೆಸರು ಇಷ್ಟವಿತ್ತು, ಇರಲಿಲ್ಲ ಎಂದರೆ ಸುಳ್ಳಾದೀತು. "ನನ್ನ ಮತ ಸರಿ ಅನ್ನೋದಾದ್ರೆ ಅವಳು ಬೇರೆ ಅನ್ನೋದೂ ಸರಿ," ಎಂದ. "ಆ ಮತ ಹಾಕೋಕೆ ನಾನು ಹುದ್ದೆ ಬಿಟ್ಟೆ. ಬಿಟ್ಟೆ ಅಂದ್ಮೇಲೆ ಬಿಟ್ಟೆ."

ಡ್ರೂರಿಗೆ ಇನ್ನೊಂದು ಬಾಣ ಉಳಿದಿತ್ತು. "ಸರಿ, ಆಯ್ತು. ಹೆಂಗಸಿಗೆ ಜಾಮೀನು ಯಾರು ನಿಲ್ತಾರೆ? ಗಂಡ ನಿಂತ್ರೆ ಒಪ್ಪೋದಿಲ್ಲ. ಯಾರಿದಾರೆ ಹೇಳಿ!"

ಜಾಮೀನು ಎಂದರೆ ಹುಡುಗಾಟವಲ್ಲ, ಹೊಲ ಮನೆ ಬರೆದುಕೊಟ್ಟ ಹಾಗೆ. ಲೊವೀನಾಳ ಕೈ ಮೊದಲ ಸಲ ನಿಂತಿತು. ಅವಳ ಎದೆಯಲ್ಲಿ ಹಳೆಯ ಮುಳ್ಳು ಮತ್ತೆ ಆಡಿತು.

"ಇರ್ರಪ್ಪ, ಇರ್ರಿ," ಎಂದು ಸೈಲಸ್ ಸಾಲು ಬಿಟ್ಟು ಮುಂದೆ ಬಂದ. "ನಿಲ್ತೀನಿ ನಾನು. ಎಲೆಕ್ಟರ್ ಗಿರಿ ಕಳ್ಕೊಂಡೋನೂ ನಾನೇ, ಜಾಮೀನೂ ನಾನೇ. ನನ್ನಂಥ ಪೆದ್ದ ಈ ರಾಜ್ಯದಲ್ಲಿ ಇನ್ನೊಬ್ಬ ಸಿಕ್ಕಲ್ಲ. ಏನ್ ನೋಡ್ತೀಯಾ ಲೊವೀನಾ? ಆವತ್ತೇ ಪ್ರಮಾಣ ಮಾಡಿ ಹೇಳಿದ್ನಲ್ಲ, ಕೊಟ್ಟಿದ್ದು ನಿನಗೇ ಅಂತ."

ಲೊವೀನಾ ಕಿಟಕಿಯಿಂದ ಕೈ ಹೊರಗೆ ಹಾಕಿ ಅಣ್ಣನ ಕೈ ಹಿಡಿದುಕೊಂಡಳು. ಸಾಲಿನಲ್ಲಿದ್ದವರು ತುಸು ಹೊತ್ತು ಬೇರೆ ಕಡೆ ನೋಡಿದರು.

ವಸಂತದ ಕೆಸರು ಒಣಗುವ ಹೊತ್ತಿಗೆ ಒಂದು ಬೆಳಿಗ್ಗೆ ಚೀಲದಲ್ಲಿ ವಾಷಿಂಗ್ಟನ್‌ನ ಉದ್ದ ಲಕೋಟೆ ಬಂತು. ಕಿಟಕಿಯ ಮುಂದೆ ಎಲ್ಲರಿಗಿಂತ ಮೊದಲು ನಿಂತಿದ್ದವನು ಆರಿನ್. ಆ ಲಕೋಟೆ ಕಂಡದ್ದೇ ತಡ, ಹನ್ನೊಂದು ವರ್ಷದ ಅಭ್ಯಾಸ ನೋಡಿ, ಅವನ ಕೈ ತಾನಾಗಿ ಒಳಗೆ ಬಂತು.

ಲೊವೀನಾ ಮುದ್ರೆಯ ಹಿಡಿಯಿಂದ ಆ ಕೈಗೆ ಮೆಲ್ಲಗೆ ಒಂದು ಕೊಟ್ಟಳು. ಲಕೋಟೆಯ ಮೇಲಿನ ಹೆಸರನ್ನು ಒಮ್ಮೆ ಓದಿದಳು, ಇನ್ನೊಮ್ಮೆ ಓದಿದಳು. ಕಣ್ಣೊರೆಸಿಕೊಂಡು ಮತ್ತೊಮ್ಮೆ ಓದಿದಳು.

"ನಿಮಗೆ ಇವತ್ತು ಏನೂ ಬಂದಿಲ್ಲ ರೀ," ಎಂದಳು. "ಇದು ನನಗೆ."